ದಾರಿ ಯಾರದು?

ಮನೆಯ ಮೇರೆ ಒಂದು ಗೇಣು ಸರಿದರೆ ವ್ಯಾಜ್ಯ ಹೂಡುವ ನಾವು, ಮನೆಯ ಮುಂದಿನ ದಾರಿ ಯಾರದೆಂದು ಎಂದೂ ಕೇಳಿಕೊಳ್ಳುವುದಿಲ್ಲ. ಅದು ಎಲ್ಲರದು ಎನ್ನುತ್ತೇವೆ. ಆದರೆ ಬಾಯಲ್ಲಿ ಎಲ್ಲರದೆಂದು ಹೇಳಿದ ವಸ್ತು ಬಳಕೆಯಲ್ಲಿ ಬಲಿಷ್ಠನದಾಗುವುದು ಲೋಕದಲ್ಲಿ ಹೊಸತಲ್ಲ. ದಾರಿಯ ಮಟ್ಟಿಗೆ ಬಲವೆಂದರೆ ವೇಗ. ಯಾರು ವೇಗವಾಗಿ ಬರುವರೋ ಅವರಿಗೆ ಉಳಿದವರು ಬದಿಗೆ ಸರಿಯತಕ್ಕದ್ದು ಎಂಬ ಶಾಸನವನ್ನು ಯಾರೂ ಬರೆಯಲಿಲ್ಲ; ಎಲ್ಲರೂ ಪಾಲಿಸುತ್ತಿದ್ದೇವೆ. ಇದು ನ್ಯಾಯವೆ ಎಂಬ ಪ್ರಶ್ನೆಯನ್ನು ನಮ್ಮ ಊರಿನಲ್ಲಿ ನಡೆದ ಒಂದು ಸಣ್ಣ ಚರ್ಚೆಯ ನೆಪದಿಂದ ಇಲ್ಲಿ ಎತ್ತಿಕೊಂಡಿದ್ದೇವೆ.

ನಮ್ಮ ಬೇಗೂರು ವಯನಾಡಿನ ಉತ್ತರದ ಕಾಡುಸೀಮೆಯಲ್ಲಿದೆ. ಹೆಸರಿನ ಕೊನೆಯ 'ಊರು' ಕನ್ನಡದ ನೆನಪನ್ನು ಇನ್ನೂ ಹೊತ್ತಿದೆ. ಕಾಟುನಾಯ್ಕರ ಮಕ್ಕಳು ತಮ್ಮೊಳಗೆ ಆಡಿಕೊಳ್ಳುವ ಮಾತನ್ನು ಕೇಳಿದ ಕನ್ನಡಿಗನಿಗೆ ತನ್ನ ನುಡಿಯ ಹಳೆಯ ನಂಟರನ್ನು ಕಂಡಂತಾಗುತ್ತದೆ. ಕಳೆದ ಮಳೆಗಾಲ ಮುಗಿದ ಮೇಲೆ ನಾವು ಪಾಠ ಹೇಳುವ ಶಾಲೆಯ ಮುಂದಣ ರಸ್ತೆಗೆ ಹೊಸ ಡಾಂಬರು ಬಿದ್ದಿತು. ಹೊಂಡಗಳಿದ್ದಾಗ ಎಲ್ಲರೂ ಬೈದವರೇ. ಆ ಹೊಂಡಗಳೇ ಇಷ್ಟು ವರ್ಷ ವಾಹನಗಳಿಗೆ ಕಡಿವಾಣ ಹಾಕಿದ್ದುವೆಂಬುದು ಅವನ್ನು ಮುಚ್ಚಿದ ಮೇಲೆ ತಿಳಿಯಿತು. ತಿಂಗಳು ತುಂಬುವುದರೊಳಗೆ ನಮ್ಮ ಮೂರನೆಯ ತರಗತಿಯ ಹುಡುಗಿಯೊಬ್ಬಳಿಗೆ ಜೀಪು ಬಡಿಯಿತು. ಓಡಿಸುತ್ತಿದ್ದವರು ಪರಸ್ಥಳದವರಲ್ಲ, ಕುಡಿದವರಲ್ಲ. ಬೆಳಗ್ಗೆ ನಮಗೆ ನಮಸ್ಕಾರ ಹೇಳಿ ಹೋಗುವ ಸಜ್ಜನರು. ಅವರೇ ಮಗುವನ್ನು ಎತ್ತಿಕೊಂಡು ಮಾನಂದವಾಡಿಗೆ ಒಯ್ದರು. ಕಾಲಿನ ಎಲುಬು ಮುರಿದಿತ್ತು. ಹುಡುಗಿ ಎರಡು ತಿಂಗಳ ಮೇಲೆ ಶಾಲೆಗೆ ಬಂದಳು. ಈಗಲೂ ತುಸು ಎಳೆದು ನಡೆಯುತ್ತಾಳೆ.

ಶಾಲೆಯ ಜಗಲಿಯಲ್ಲಿ ಊರವರು ಸೇರಿದರು. ರಸ್ತೆಗೆ ಎರಡು ಉಬ್ಬುಗಳನ್ನು, ಎಂದರೆ ಎಲ್ಲರೂ 'ಹಂಪು' ಎನ್ನುವುದನ್ನು, ಹಾಕಿಸಬೇಕೆಂದು ಪಂಚಾಯತಿಗೆ ಅರ್ಜಿ ಕೊಡುವುದು ಉದ್ದೇಶ. ಸಹಿ ಹಾಕಿಸಿ ಅರ್ಧ ಗಂಟೆಯಲ್ಲಿ ಮುಗಿಸುವೆವೆಂದು ನಾವು ಬಗೆದಿದ್ದೆವು. ಮೂರು ಸಂಜೆ ಹಿಡಿಯಿತು. ವಿರೋಧಿಸಿದವರು ದುಷ್ಟರಾಗಿದ್ದರೆ ನಮ್ಮ ಕೆಲಸ ಸುಲಭವಾಗುತ್ತಿತ್ತು. ಅವರ ಮಾತಿನಲ್ಲಿ ತೂಕವಿತ್ತು. ಒಬ್ಬರು ಕೇಳಿದರು: "ಯಾರೋ ಕೆಲವರು ಅಜಾಗ್ರತೆಯಿಂದ ಓಡಿಸಿದರೆ ನಿಧಾನವಾಗಿ ಹೋಗುವವನ ಬೆನ್ನೆಲುಬಿಗೂ ಶಿಕ್ಷೆಯೇ?" ಇನ್ನೊಬ್ಬರು, "ಮಕ್ಕಳಿಗೆ ರಸ್ತೆ ದಾಟುವುದನ್ನು ಕಲಿಸುವುದು ನಿಮ್ಮ ಕೆಲಸವಲ್ಲವೆ?" ಎಂದು ನೇರವಾಗಿ ನಮ್ಮತ್ತ ತಿರುಗಿದರು. ಮೂವತ್ತು ವರ್ಷ ಜೀಪು ಓಡಿಸಿದ ಹಿರಿಯರೊಬ್ಬರು ಕೊನೆಯಲ್ಲಿ ಮೆಲ್ಲಗೆ ಹೇಳಿದರು: "ಮಾಷೇ, ಹೆರಿಗೆ ನೋವಿನ ಹೆಂಗಸರನ್ನು ನಾನು ಎಷ್ಟೋ ಸಲ ಕರೆದೊಯ್ದಿದ್ದೇನೆ. ಒಂದೊಂದು ಹಂಪಿಗೂ ಅವರು ಕೂಗುವುದನ್ನು ನೀವು ಕೇಳಿಲ್ಲ." ಆ ಸಂಜೆ ನಾವು ಉತ್ತರ ಹೇಳಲಾರದೆ ಮನೆಗೆ ಹೋದೆವು.

ಈ ಮಾತುಗಳನ್ನು ಒಂದೊಂದಾಗಿ ತೂಗಿ ನೋಡೋಣ.

ಮೊದಲು ಲೆಕ್ಕ, ಉಪಾಧ್ಯಾಯರಿಗೆ ಅದೇ ಹತ್ತಿರದ ಆಶ್ರಯ. ಗಂಟೆಗೆ 60 ಕಿಲೋಮೀಟರೆಂದರೆ ನಿಮಿಷಕ್ಕೆ ಒಂದು ಕಿಲೋಮೀಟರು. ಶಾಲೆಯ ಆಚೀಚೆ 200 ಮೀಟರು ದಾರಿಯನ್ನು ಆ ವೇಗದಲ್ಲಿ ಕಳೆಯಲು 12 ಸೆಕೆಂಡು ಸಾಕು. 30ರ ವೇಗದಲ್ಲಿ 24 ಸೆಕೆಂಡು ಬೇಕು. ವಾಹನದವರಿಗೆ ಆಗುವ ನಷ್ಟ 12 ಸೆಕೆಂಡು. ಇನ್ನು ಮಗುವಿನ ಕಡೆಯ ಲೆಕ್ಕ. ವೇಗ ಎರಡು ಪಟ್ಟಾದರೆ ಹೊಡೆತದ ಶಕ್ತಿ ನಾಲ್ಕು ಪಟ್ಟಾಗುವುದು ಭೌತಶಾಸ್ತ್ರದ ನಿಯಮ. ಅಡ್ಡ ಬಂದದ್ದನ್ನು ಕಂಡು ಬ್ರೇಕು ತುಳಿಯಲು ಒಂದು ಸೆಕೆಂಡು ಹಿಡಿಯುವುದೆಂದುಕೊಂಡರೆ, ಒಣರಸ್ತೆಯಲ್ಲಿ 30ರ ವೇಗದ ಒಳ್ಳೆಯ ವಾಹನ ಸುಮಾರು 13 ಮೀಟರಿನಲ್ಲಿ ನಿಂತೀತು. 60ರ ವೇಗದ್ದು ನಿಲ್ಲಲು 36 ಮೀಟರಿಗಿಂತ ಕಡಿಮೆ ಸಾಲದು. ನಮ್ಮ ಮಳೆಯಲ್ಲಿ ಇದು ಇನ್ನೂ ಹೆಚ್ಚು. ಒಂದು ಕಡೆ ಅನೇಕರ ಹನ್ನೆರಡು ಸೆಕೆಂಡು, ಇನ್ನೊಂದು ಕಡೆ ಒಬ್ಬಳ ಕಾಲು. ಸಾವಿರ ಜನರ ಸೆಕೆಂಡುಗಳನ್ನು ಕೂಡಿಸಿದರೆ ಮೂರು ಗಂಟೆಗೂ ಮೇಲಾಗುವುದೆಂದು ವಾದಿಸಬಹುದು. ಆದರೆ ಆ ಮೂರು ಗಂಟೆಗಳನ್ನು ಯಾವನೊಬ್ಬನೂ ಕಳೆದುಕೊಳ್ಳುವುದಿಲ್ಲ. ಮುರಿದ ಕಾಲನ್ನಾದರೋ ಒಬ್ಬಳೇ ಹೊರುತ್ತಾಳೆ. ಹಂಚಿಹೋಗುವ ಕಷ್ಟವನ್ನೂ ಹಂಚಲಾಗದ ಕಷ್ಟವನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಲೆಕ್ಕವೇ ಅಲ್ಲ.

ಎರಡನೆಯದು, ಮಕ್ಕಳಿಗೆ ಕಲಿಸಿರೆಂಬ ಮಾತು. ನಾವು ಕಲಿಸುತ್ತೇವೆ, ಕಲಿಸಲೇಬೇಕು. ಆದರೆ ಎಂಟು ವರ್ಷದ ಮಗು ದೂರದ ವಾಹನದ ವೇಗವನ್ನು ದೊಡ್ಡವರಂತೆ ಅಳೆಯಲಾರದು. ಗೆಳತಿ ಆಚೆಯಿಂದ ಕೂಗಿದರೆ ಕಲಿತದ್ದು ಆ ಕ್ಷಣ ಮರೆಯುತ್ತದೆ. ಮರೆಯುವುದು ಬಾಲ್ಯದ ಲಕ್ಷಣ, ಅಪರಾಧವಲ್ಲ. ಹಾಲೆಂಡಿನಲ್ಲಿ 1971ರಲ್ಲಿ ರಸ್ತೆಗಳ ಮೇಲೆ ಸತ್ತವರು ಸುಮಾರು 3,300 ಮಂದಿ; ಅವರಲ್ಲಿ 400ಕ್ಕೂ ಹೆಚ್ಚು ಮಕ್ಕಳು. ಮಗಳನ್ನು ಹೀಗೆ ಕಳೆದುಕೊಂಡ ವಿಕ್ ಲಾಂಗನ್‌ಹಾಫ್ ಎಂಬ ಪತ್ರಕರ್ತರ ಬರವಣಿಗೆಯಿಂದ ಅಲ್ಲಿ 'ಮಕ್ಕಳ ಕೊಲೆಯನ್ನು ನಿಲ್ಲಿಸಿ' ಎಂಬ ಹೆಸರಿನ ಚಳವಳಿಯೇ ಹುಟ್ಟಿತು. ತಂದೆತಾಯಿಗಳು ಬೀದಿಗಿಳಿದರು. ಮಗುವನ್ನು ರಸ್ತೆಗೆ ಒಗ್ಗಿಸುವ ಬದಲು ರಸ್ತೆಯನ್ನು ಮಗುವಿಗೆ ಒಗ್ಗಿಸಬೇಕೆಂಬುದು ಅವರ ಪಟ್ಟು. ಮನೆಗಳ ನಡುವಿನ ಬೀದಿಯಲ್ಲಿ ನಡೆಯುವವರಿಗೇ ಮೊದಲ ಹಕ್ಕು, ವಾಹನಗಳು ಅತಿಥಿಗಳು ಎಂಬ ತತ್ತ್ವ 1976ರಲ್ಲಿ ಆ ದೇಶದ ಕಾನೂನನ್ನೇ ಸೇರಿತು.

ಮೂರನೆಯ ಮಾತು ಹೆಚ್ಚು ಸೂಕ್ಷ್ಮವಾದುದು. ಉಬ್ಬು ಕಂಡು ನಿಧಾನಿಸುವವನಲ್ಲಿ ಯಾವ ಸದ್ಗುಣವಿದೆ? ಅವನು ತನ್ನ ವಾಹನದ ಸ್ಪ್ರಿಂಗಿಗೆ ಹೆದರಿದನೇ ಹೊರತು ಮಗುವಿಗೆ ಕರಗಲಿಲ್ಲ. ಧರ್ಮವು ಒಳಗಿನಿಂದ ಬರಬೇಕಾದುದು, ಡಾಂಬರಿನಿಂದಲ್ಲ. ಈ ವಾದದಲ್ಲಿ ಸತ್ಯವಿದೆಯೆಂದು ಒಪ್ಪುತ್ತೇವೆ. ನೋಬೆಲ್ ಬಹುಮಾನ ಪಡೆದ ಭೌತವಿಜ್ಞಾನಿ ಆರ್ಥರ್ ಹಾಲಿ ಕಾಂಪ್ಟನ್ನರು ಅಮೆರಿಕೆಯ ಸೇಂಟ್ ಲೂಯಿಸಿನ ವಿಶ್ವವಿದ್ಯಾನಿಲಯದ ಮುಖ್ಯಸ್ಥರಾಗಿದ್ದಾಗ, 1953ರಲ್ಲಿ ಅಲ್ಲಿನ ದಾರಿಗಳಿಗಾಗಿ ಇಂಥ ಉಬ್ಬುಗಳನ್ನು ತಾವೇ ರೂಪಿಸಿದರು. ವಿದ್ಯಾವಂತರೇ ತುಂಬಿದ ಆವರಣದಲ್ಲಿ, ಅದೂ ಅಷ್ಟು ದೊಡ್ಡ ವಿದ್ವಾಂಸರು, ಉಪದೇಶವೊಂದೇ ಸಾಕೆಂದು ನೆಚ್ಚಿಕೊಳ್ಳಲಿಲ್ಲ. ಬಾವಿಗೆ ಕಟ್ಟೆ ಕಟ್ಟುವವನು ಊರವರೆಲ್ಲ ಕುರುಡರೆಂದು ಹೀಯಾಳಿಸುವುದಿಲ್ಲ. ಕಣ್ಣಿದ್ದವನಿಗೂ ಕತ್ತಲೆ ಕವಿಯುವ ಗಳಿಗೆ ಉಂಟೆಂದು ಬಲ್ಲನು, ಅಷ್ಟೆ. ಉಬ್ಬು ನಮ್ಮನ್ನು ಒಳ್ಳೆಯವರನ್ನಾಗಿ ಮಾಡುವುದಿಲ್ಲ. ನಾವು ಒಳ್ಳೆಯವರಾಗುವ ತನಕ ಮಗು ಬದುಕಿರುವಂತೆ ನೋಡಿಕೊಳ್ಳುತ್ತದೆ.

ಈಗ ಆ ಹಿರಿಯರ ಮಾತು. ಇದಕ್ಕೆ ಸುಲಭದ ಸಮಾಧಾನವಿಲ್ಲ. ವಯನಾಡಿನಿಂದ ಗಂಭೀರ ರೋಗಿಯನ್ನು ಕಲ್ಲಿಕೋಟೆಗೆ ಒಯ್ಯುವವರು ಘಾಟಿ ಇಳಿಯಬೇಕು. ತಾಮರಶ್ಶೇರಿಯ ಒಂಬತ್ತು ಹಿಮ್ಮುರಿ ತಿರುವುಗಳು ಯಾರ ಜೀವದ ಅವಸರಕ್ಕೂ ನೇರವಾಗುವುದಿಲ್ಲ. ಅಂಥ ದಾರಿಗೆ ಸೇರುವ ಮುನ್ನ ನಾವು ಇನ್ನಷ್ಟು ತಡೆಗಳನ್ನು ಹಾಕುವುದೆ? ನಮಗೆ ತೋರಿದ ಉತ್ತರ ಇಷ್ಟು: ಉಬ್ಬು ಬೇರೆ, ಗೋಡೆ ಬೇರೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಕಟ್ಟಳೆಯಂತೆ ಉಬ್ಬು 3.7 ಮೀಟರು ಅಗಲವಾಗಿ, ನಡುವೆ 10 ಸೆಂಟಿಮೀಟರು ಎತ್ತರವಾಗಿ, ಕಮಾನಿನಂತೆ ಬಾಗಿರಬೇಕು. ಗಂಟೆಗೆ 25 ಕಿಲೋಮೀಟರಿನಲ್ಲಿ ಬರುವವನು ಅದನ್ನು ಹೆಚ್ಚು ಕುಲುಕಾಟವಿಲ್ಲದೆ ದಾಟಬಲ್ಲನು. ಅದಕ್ಕೆ ಬಣ್ಣ ಬಳಿದಿರಬೇಕು. ಸಾಕಷ್ಟು ದೂರದಲ್ಲಿ ಸೂಚನಾಫಲಕ ನಿಲ್ಲಿಸಿರಬೇಕು. ನಮ್ಮೂರುಗಳಲ್ಲಿ ಕೋಪ ಬಂದಾಗ ಸಿಮೆಂಟು ಸುರಿದು ರಾತ್ರೋರಾತ್ರಿ ಎಬ್ಬಿಸುವ ದಿಣ್ಣೆ ಉಬ್ಬಲ್ಲ, ಸೇಡು. ಗರ್ಭಿಣಿಯನ್ನು ಕೂಗಿಸಿದ್ದು ಆ ಸೇಡು. ಒಳ್ಳೆಯ ಕೆಲಸವನ್ನು ಕೆಟ್ಟದಾಗಿ ಮಾಡಿದರೆ ಅದರ ಪಾಪ ಒಳ್ಳೆಯತನಕ್ಕೇ ತಗಲುತ್ತದೆ. ಹಾಗೆ ನೋಡಿದರೆ ಆ ಹಿರಿಯರು ನಮ್ಮ ವಿರೋಧಿಗಳಾಗಿರಲಿಲ್ಲ. ನಮಗೆ ಅಳತೆಯನ್ನು ನೆನಪಿಸಿದವರು.

ಇಲ್ಲಿಗೆ ಚರ್ಚೆ ಮುಗಿಯಬೇಕಾಗಿತ್ತು. ಆದರೆ ಮೂರನೆಯ ಸಂಜೆ ಒಬ್ಬ ತರುಣನು ಹೊಸ ಪ್ರಶ್ನೆ ಹಾಕಿದನು: "ಇಲ್ಲಿ ತಡೆದರೆ ವಾಹನಗಳು ಇನ್ನೊಂದು ದಾರಿ ಹಿಡಿಯುತ್ತವೆ. ಆಚೆಯ ಓಣಿಯಲ್ಲಿಯೂ ಮಕ್ಕಳಿಲ್ಲವೆ?" ಈ ಪ್ರಶ್ನೆಯ ದೊಡ್ಡ ರೂಪವನ್ನು ನಮ್ಮ ಸೀಮೆಯವರು ಬಲ್ಲರು. ಕಲ್ಲಿಕೋಟೆ–ಮೈಸೂರು ಹೆದ್ದಾರಿ ಬಂಡೀಪುರದ ಕಾಡನ್ನು ಸೀಳಿಕೊಂಡು ಹೋಗುತ್ತದೆ. ಗುಂಡ್ಲುಪೇಟೆ ದಾಟಿ ನಂಜನಗೂಡಿಗೆ ಸಾಗುವಾಗ ಅದೇ ಹೆದ್ದಾರಿಯಲ್ಲಿ ಇನ್ನೊಂದು ಬೇಗೂರೂ ಸಿಗುತ್ತದೆ. ರಾತ್ರಿ ವಾಹನಗಳಿಗೆ ಸಿಕ್ಕಿ ಕಾಡುಪ್ರಾಣಿಗಳು ಸಾಯುತ್ತಿವೆಯೆಂದು ಚಾಮರಾಜನಗರದ ಜಿಲ್ಲಾಧಿಕಾರಿಗಳು 2009ರ ಜೂನಿನಲ್ಲಿ ರಾತ್ರಿ 9ರಿಂದ ಬೆಳಗಿನ 6ರವರೆಗೆ ಸಂಚಾರವನ್ನು ನಿಷೇಧಿಸಿದರು. ಕೆಲವೇ ದಿನಗಳಲ್ಲಿ ಆದೇಶ ಹಿಂದೆ ಸರಿಯಿತು. ಜುಲೈಯಲ್ಲಿ ಕರ್ನಾಟಕ ಹೈಕೋರ್ಟು ಅದನ್ನು ಮತ್ತೆ ಜಾರಿಗೆ ತಂದು, 2010ರ ಮಾರ್ಚಿನಲ್ಲಿ ಎತ್ತಿಹಿಡಿಯಿತು. ಆಂಬುಲೆನ್ಸುಗಳಿಗೂ ಬೆರಳೆಣಿಕೆಯ ಸಾರಿಗೆ ಬಸ್ಸುಗಳಿಗೂ ಮಾತ್ರ ವಿನಾಯಿತಿ. ಕೇರಳವು ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. 2019ರಲ್ಲಿ ಹಗಲಿನಲ್ಲಿಯೂ ದಾರಿ ಮುಚ್ಚಬಹುದೆಂಬ ಭಯ ಹುಟ್ಟಿದಾಗ ಸುಲ್ತಾನ್ ಬತ್ತೇರಿಯಲ್ಲಿ ಜನರು ನಿರಶನ ಕುಳಿತರು.

ಬಂಡೀಪುರಕ್ಕೆ ಬದಲಾಗಿ ತೋರಿಸಿದ ದಾರಿ ಯಾವುದು? ಹುಣಸೂರು, ಗೋಣಿಕೊಪ್ಪ, ಕುಟ್ಟ, ತೋಲ್ಪೆಟ್ಟಿ, ಕಾಟಿಕುಳಂ, ಮಾನಂದವಾಡಿ. ಎಂದರೆ ನಮ್ಮದೇ ಸೀಮೆಯ ದಾರಿ. ತೋಲ್ಪೆಟ್ಟಿಯೂ 1973ರಲ್ಲಿ ಘೋಷಿತವಾದ ವಯನಾಡು ವನ್ಯಧಾಮದ ಒಂದು ಭಾಗವೇ; ಅಲ್ಲಿಯೂ ಆನೆ ರಸ್ತೆ ದಾಟುತ್ತದೆ. ಬಂಡೀಪುರದ ಜಿಂಕೆಗೆ ದೊರೆತ ರಾತ್ರಿಯ ಶಾಂತಿಯ ಬೆಲೆಯಲ್ಲಿ ಒಂದು ಪಾಲನ್ನು ಈ ದಾರಿಯ ಬದಿಯ ಜೀವಿಗಳು, ಮನುಷ್ಯರೂ ಸೇರಿ, ತೆರುತ್ತಾರೆ. ಹಾಗೆಂದು ಆ ನಿಷೇಧ ತಪ್ಪೆಂದು ನಾವು ಹೇಳಲಾರೆವು. ನಮ್ಮ ಬಾಗಿಲಿನ ಕಷ್ಟವನ್ನು ನೆರೆಯವನ ಬಾಗಿಲಿಗೆ ಗುಡಿಸಿದರೆ ಅಂಗಳ ಶುಚಿಯಾದೀತು, ಕಷ್ಟ ತೀರದು ಎಂಬುದಷ್ಟೆ ನಮ್ಮ ಮಾತು. ಒಂದು ಕಡೆ ನಿಧಾನವನ್ನು ಬೇಡುವವನು ಎಲ್ಲ ಕಡೆಯ ನಿಧಾನಕ್ಕೂ ತಲೆಬಾಗಲು ಸಿದ್ಧನಿರಬೇಕು.

ಹಾಗಾದರೆ ದಾರಿ ಯಾರದು? ಮಹಾಭಾರತದ ವನಪರ್ವದಲ್ಲಿ ಒಂದು ಪ್ರಸಂಗವಿದೆ. ಬಾಲಕ ಅಷ್ಟಾವಕ್ರನು ಜನಕನ ಯಜ್ಞಕ್ಕೆ ಹೋಗುವಾಗ ದಾರಿಯಲ್ಲಿ ರಾಜನೇ ಎದುರಾಗುತ್ತಾನೆ. ಹಿಂದೆ ಸರಿಯಬೇಕಾದವರು ಯಾರು? ಕುರುಡರಿಗೆ, ಕಿವುಡರಿಗೆ, ಸ್ತ್ರೀಯರಿಗೆ, ಹೊರೆಹೊತ್ತವರಿಗೆ ದಾರಿ ಸಲ್ಲತಕ್ಕದ್ದೆಂದು ಹುಡುಗನು ಎಣಿಸುತ್ತಾನೆ. ರಾಜನನ್ನೂ ಆ ಸಾಲಿನಲ್ಲಿ ಸೇರಿಸಿ, ಬ್ರಾಹ್ಮಣನು ಎದುರಾದರೆ ಆತನಿಗೇ ಎನ್ನುತ್ತಾನೆ. ಕೊನೆಯ ಈ ಎರಡು ಹೆಸರುಗಳು ಆ ಕಾಲದ ಮರ್ಯಾದೆಗೆ ಸೇರಿದವು. ಅವನ್ನು ಆ ಕಾಲಕ್ಕೇ ಬಿಡೋಣ. ಮೊದಲಿನ ಹೆಸರುಗಳಲ್ಲಿ ಕಾಲಕ್ಕೆ ಸವೆಯದ ತತ್ತ್ವವೊಂದಿದೆಯೆಂದು ನಮಗೆ ತೋರುತ್ತದೆ: ಯಾರಿಗೆ ಸರಿಯುವುದು ಸುಲಭವೋ ಅವರು ಸರಿಯತಕ್ಕದ್ದು, ಯಾರಿಗೆ ಕಷ್ಟವೋ ಅವರದು ದಾರಿ. ಜೀಪಿನವನಿಗೆ ನಿಧಾನಿಸಲು ಪಾದವನ್ನು ತುಸು ಒತ್ತಿದರೆ ಸಾಕು. ಮಗುವಿಗೆ ದೊಡ್ಡವಳಾಗಲು ಹತ್ತು ವರ್ಷ ಬೇಕು. ಅದೇ ನ್ಯಾಯದಿಂದ ಹೆರಿಗೆಯ ನೋವಿನವಳು ಬರುವಾಗ ಮಕ್ಕಳೂ ಮಾಸ್ತರರೂ ಬದಿಗೆ ನಿಲ್ಲತಕ್ಕದ್ದು. ಅಂದು ಜನಕನು ವಾದ ಹೂಡದೆ ಹುಡುಗನಿಗೆ ದಾರಿ ಬಿಟ್ಟನು.

ಕೊನೆಗೆ ಒಂದು ತಪ್ಪೊಪ್ಪಿಗೆ. ಚರ್ಚೆ ನಡೆಯುತ್ತಿದ್ದ ವಾರದಲ್ಲಿಯೇ ನಾವು ಮೋಟಾರುಸೈಕಲಿನಲ್ಲಿ ಶಾಲೆಗೆ ತಡವಾಗಿ ಹೊರಟಿದ್ದೆವು. ಹಾದಿಯ ಇನ್ನೊಂದು ಊರಿನಲ್ಲಿ, ಇನ್ನೊಂದು ಶಾಲೆಯ ಮುಂದೆ, ಸಾಲಾಗಿ ನಿಂತ ಮಕ್ಕಳನ್ನು ಕಂಡೂ ವೇಗ ತಗ್ಗಿಸಲಿಲ್ಲ. ಹಾರ್ನು ಹೊಡೆದೆವು, ಮಕ್ಕಳು ಬೆಚ್ಚಿ ಹಿಂದೆ ಸರಿದರು. ಹಾಜರಿಪುಸ್ತಕ ತೆರೆದು ಹೆಸರು ಕೂಗುವಾಗ, ಕಾಲೆಳೆದು ಬಂದು ತನ್ನ ಜಾಗದಲ್ಲಿ ಕುಳಿತ ಆ ಹುಡುಗಿಯನ್ನು ನೋಡಿದಾಗಲೇ ನಾವು ಮಾಡಿದ್ದು ಏನೆಂದು ನಮಗೆ ಹೊಳೆದುದು. ಆಕೆಗೆ ಬಡಿದ ಸಜ್ಜನರಿಗೂ ನಮಗೂ ಇದ್ದ ಅಂತರ ಅದೃಷ್ಟದ್ದು ಮಾತ್ರ.

ಅರ್ಜಿಗೆ ಎಲ್ಲರ ಸಹಿ ಬೀಳಲಿಲ್ಲ. ಬಹಳ ಜನರ ಸಹಿ ಬಿದ್ದಿತು. ಉಬ್ಬಿನ ಅಳತೆಯನ್ನೂ ಸೂಚನಾಫಲಕದ ಬೇಡಿಕೆಯನ್ನೂ ಅರ್ಜಿಯಲ್ಲಿಯೇ ಬರೆದಿದ್ದೇವೆ. ಆ ಸಾಲನ್ನು ಹೇಳಿ ಬರೆಸಿದವರು ಜೀಪಿನ ಹಿರಿಯರು. ಪಂಚಾಯತಿಯ ಉತ್ತರ ಬರುವವರೆಗೆ ಬೆಳಗ್ಗೆ ಒಂದು ಸಲ, ಸಂಜೆ ಒಂದು ಸಲ, ನಾವು ಸರದಿಯ ಮೇಲೆ ರಸ್ತೆಯ ಅಂಚಿನಲ್ಲಿ ಕೈಯೆತ್ತಿ ನಿಲ್ಲುತ್ತೇವೆ. ಹೆಚ್ಚಿನವರು ನಿಲ್ಲಿಸುತ್ತಾರೆ.