ಪ್ರಸಾದದಲ್ಲಿ ಅವಧಾನ

ಕಳೆದ ಕಾರ್ತಿಕ ಮಾಸದಲ್ಲಿ ಪಾಂಡವಪುರದ ಸಮೀಪದ ಗ್ರಾಮವೊಂದರಲ್ಲಿ ಗೃಹಪ್ರವೇಶದ ಪಂಕ್ತಿ ನಡೆದಿತ್ತು. ನನ್ನ ಪಕ್ಕದಲ್ಲಿ ಕುಳಿತಿದ್ದವರು ಹನ್ನೆರಡು ವರ್ಷಗಳಿಂದ ಮಧುಮೇಹವುಳ್ಳ ವೃದ್ಧ ರೈತರು. ಒಬ್ಬಟ್ಟು ಬಂದಾಗ ಅವರು ಎಲೆಗೆ ಕೈ ಅಡ್ಡ ಹಿಡಿದರು. ಮನೆಯ ಯಜಮಾನರು ಪ್ರೀತಿಯಿಂದಲೇ, “ಪ್ರಸಾದವನ್ನು ಬೇಡವೆನ್ನಬಾರದು, ಒಂದು ದಿನಕ್ಕೆ ಏನಾದೀತು?” ಎಂದು ಎರಡನ್ನು ಬಡಿಸಿ ಮೇಲೆ ತುಪ್ಪ ಸುರಿದರು. ವೃದ್ಧರು ತಲೆ ತಗ್ಗಿಸಿ ಎರಡನ್ನೂ ತಿಂದರು. ಹಿಂದಿರುಗುವಾಗ ಅವರು ಕೇಳಿದರು: “ಮೇಷ್ಟ್ರೇ, ಬೇಡವೆಂದರೆ ಪ್ರಸಾದಕ್ಕೆ ಅವಮಾನ, ಎಲೆಯಲ್ಲಿ ಬಿಟ್ಟರೆ ದೋಷ, ತಿಂದರೆ ದೇಹಕ್ಕೆ ಕೇಡು. ನಾನೇನು ಮಾಡಲಿ?” ಪಂಕ್ತಿಯಲ್ಲಿ ಮೌನವಾಗಿದ್ದ ನಾನು ಆಗಲೂ ಉತ್ತರಿಸಲಾರದೆ ಹೋದೆನು.

ನಮ್ಮದು ಕಬ್ಬಿನ ಸೀಮೆ. ಕನ್ನಂಬಾಡಿಯ ನೀರು ಹರಿದು, 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾದ ಮೇಲೆ ಕಬ್ಬೇ ಈ ಪ್ರಾಂತದ ಎಷ್ಟೋ ಮನೆಗಳನ್ನು ಸಾಕಿತು. ಆಲೆಮನೆಗೆ ಹೋದವರಿಗೆ ಬಿಸಿ ಬೆಲ್ಲ ಕೊಡುವುದು ನಮ್ಮ ಔದಾರ್ಯ. ಆದರೆ ಚರಕಾಚಾರ್ಯರು ಪ್ರಮೇಹದ ಕಾರಣಗಳನ್ನು ಹೇಳುವಾಗ ಕುಳಿತಲ್ಲಿಯೇ ಕುಳಿತಿರುವ ಸುಖ, ಅತಿನಿದ್ರೆ, ಮೊಸರು, ಹೊಸ ಧಾನ್ಯಗಳೊಡನೆ ‘ಗುಡವೈಕೃತ’ವನ್ನು, ಎಂದರೆ ಬೆಲ್ಲದ ಭಕ್ಷ್ಯಗಳನ್ನೂ ಎಣಿಸಿದ್ದಾರೆ. ವಂಶದ ಗುಣವೂ ಇದಕ್ಕೆ ಕಾರಣವೆಂದು ಇಂದಿನ ವೈದ್ಯರು ಹೇಳುತ್ತಾರೆ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ ಅಧ್ಯಯನದಂತೆ ದೇಶದಲ್ಲಿ ಮಧುಮೇಹಿಗಳು ಸುಮಾರು 10 ಕೋಟಿ. ಇದನ್ನು ಪಾಪದ ಫಲವೆಂದು ಯಾರೂ ಹಳಿಯಬಾರದು. ಮಕ್ಕಳಿಗೆ ಸಾಮಾನ್ಯವಾಗಿ ಬರುವ ಬಗೆಗಂತೂ ಅವರು ತಿಂದ ಸಿಹಿ ಕಾರಣವೇ ಅಲ್ಲ.

ಈಗ ವೃದ್ಧರ ಪ್ರಶ್ನೆಗೆ ಬರೋಣ. ಷಟ್‌ಸ್ಥಲಗಳಲ್ಲಿ ಮೂರನೆಯದು ಪ್ರಸಾದಿಸ್ಥಲ. ಭಕ್ತನಿಗೆ ಶ್ರದ್ಧೆ, ಮಹೇಶನಿಗೆ ನಿಷ್ಠೆ ಹೇಗೋ ಪ್ರಸಾದಿಗೆ ಅವಧಾನವೇ ಭಕ್ತಿ. ಅವಧಾನವೆಂದರೆ ಎಚ್ಚರ: ಏನನ್ನು, ಎಷ್ಟನ್ನು, ಯಾವ ಭಾವದಿಂದ ಸ್ವೀಕರಿಸುತ್ತಿದ್ದೇನೆ ಎಂಬ ಅರಿವು. ಆಯ್ದಕ್ಕಿ ಮಾರಯ್ಯನು ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮನು ಅದನ್ನು ಹಿಂದಕ್ಕೆ ಸುರಿದು ಬರುವಂತೆ ಕಳುಹಿಸಿದ ಕಥೆಯನ್ನು ಅರಿಯದವರಾರು? ಅಕ್ಕಿ ಪವಿತ್ರವೇ ಆಗಿತ್ತು. ಪ್ರಮಾಣ ಮೀರಿದ್ದೇ ದೋಷವಾಯಿತು. ಪ್ರಸಾದದ ಮಹಿಮೆ ತೂಕದಲ್ಲಿಲ್ಲ. ಬಡಿಸುವ ಮೊದಲೇ ಕೈಮುಗಿದು ಒಂದು ಚೂರನ್ನು ಬೇಡಿ ಪಡೆದು, ಉಳಿಸದೆ ಸ್ವೀಕರಿಸಿದವನು ಪ್ರಸಾದವನ್ನೂ ಗೌರವಿಸಿದನು, ಇಷ್ಟಲಿಂಗವನ್ನು ಧರಿಸಿದ ಅಂಗವನ್ನೂ ಕಾಪಾಡಿದನು.

ಈ ಅವಧಾನ ನಿತ್ಯಜೀವನದಲ್ಲಿಯೂ ಬೇಕು. ಸಕ್ಕರೆ ಕೆಟ್ಟದ್ದು, ಬೆಲ್ಲ ಒಳ್ಳೆಯದು ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ರಕ್ತದ ಸಕ್ಕರೆಯನ್ನು ಎರಡೂ ಏರಿಸುತ್ತವೆ. ನಾಗಮಂಗಲದ ಹೊಲದ ರಾಗಿ ಉತ್ತಮ ಧಾನ್ಯವೇ, ಆದರೆ ಅದರಲ್ಲಿಯೂ ಪಿಷ್ಟವಿದೆ. ಮುದ್ದೆ ಚಿಕ್ಕದಾಗಿ, ಸೊಪ್ಪು ಕಾಳು ಹೆಚ್ಚಾಗಿರಲಿ. ಜಾತ್ರೆಗೆ ಬರಿಗಾಲಿನಲ್ಲಿ ನಡೆಯುವವರು ಪಾದಗಳನ್ನು ಪ್ರತಿದಿನ ನೋಡಿಕೊಳ್ಳಲಿ. ಮರಗಟ್ಟಿದ ಕಾಲಿಗೆ ಮುಳ್ಳು ಚುಚ್ಚಿದ್ದೂ ತಿಳಿಯದು. ಶಿವರಾತ್ರಿಯ ಉಪವಾಸವನ್ನು ವೈದ್ಯರನ್ನು ಕೇಳಿಯೇ ಹಿಡಿಯಬೇಕು. ಇನ್ಸುಲಿನ್ ಅಥವಾ ಕೆಲವು ಮಾತ್ರೆ ತೆಗೆದುಕೊಳ್ಳುವವರು ಹೊತ್ತಿಗೆ ಉಣ್ಣದಿದ್ದರೆ ಬೆವರು, ನಡುಕ, ಕಣ್ಣುಕತ್ತಲೆ ಬರುತ್ತವೆ. ಆಗ ನುಂಗಬಲ್ಲವರಿಗೆ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕೂಡಲೇ ಕುಡಿಸಬೇಕು; ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು. ನಿನ್ನೆ ವರ್ಜ್ಯವಾದ ಸಕ್ಕರೆಯೇ ಈ ಕ್ಷಣದಲ್ಲಿ ಔಷಧ! ಅವಧಾನಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕೆ?

ಆದರೆ ಎಚ್ಚರವೆಲ್ಲ ರೋಗಿಯೊಬ್ಬನ ಹೊರೆಯೆಂದರೆ ನಮ್ಮ ದಾಸೋಹಕ್ಕೆ ಅರ್ಥವೇನು? ದಾಸೋಹಿಯು ತನ್ನ ಔದಾರ್ಯದ ತೃಪ್ತಿಗಿಂತ ಉಣ್ಣುವವನ ಹಿತವನ್ನು ಮುಂದಿಡಬೇಕು. “ಎಷ್ಟು ಬಡಿಸಲಿ?” ಎಂದು ಕೇಳುವುದೂ ಸೇವೆಯೇ. ಒಬ್ಬನಿಗೆ ಪಥ್ಯವಿರುವ ಮನೆಯಲ್ಲಿ ಎಲ್ಲರೂ ಅದೇ ಅಡಿಗೆಯನ್ನು ಉಂಡರೆ ಅವನಿಗೆ ಒಂಟಿತನವಿಲ್ಲ, ಉಳಿದವರಿಗೂ ಆರೋಗ್ಯ. ಮಗಳ ಮದುವೆಗೆ ತೊಡಕಾದೀತೆಂದು ಇನ್ಸುಲಿನ್ನನ್ನು ಮುಚ್ಚಿಡುವ ತಾಯ್ತಂದೆಯರನ್ನು ಕಂಡಿದ್ದೇನೆ. ಅವರ ಭಯಕ್ಕೆ ನಮ್ಮ ನಾಲಗೆಗಳೇ ಕಾರಣ. ಕೃಷ್ಣರಾಜಪೇಟೆಯಾಗಲಿ, ಶ್ರೀರಂಗಪಟ್ಟಣವಾಗಲಿ, 30 ವರ್ಷ ಮೀರಿದವರಿಗೆ ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತಪರೀಕ್ಷೆಗೆ ಅವಕಾಶವುಂಟು. ನೆರೆಯವರನ್ನು ಜೊತೆಗೆ ಕರೆದೊಯ್ಯುವುದು ನಮ್ಮಿಂದಾಗದ ಕಾರ್ಯವೇ?

ಮೊನ್ನೆ ಮಠದ ಪಂಕ್ತಿಯಲ್ಲಿ ಅದೇ ವೃದ್ಧರ ಪಕ್ಕದಲ್ಲಿ ಕುಳಿತೆನು. ಪಾಯಸ ಬಂದಾಗ, “ಇವರಿಗೆ ಒಂದೇ ಚಮಚ, ನನಗೂ ಅಷ್ಟೇ” ಎಂದೆನು. ಅವರು ನಕ್ಕು, ಅದನ್ನು ಕಣ್ಣಿಗೊತ್ತಿಕೊಂಡು ಸ್ವೀಕರಿಸಿದರು. ಅಂದು ಕೊಡಲಾಗದ ಉತ್ತರ ನನಗೆ ತಡವಾಗಿ ತಿಳಿಯಿತು. ಸದ್ಭಕ್ತರು ತಡಮಾಡದಿರಲಿ.