ಎರವಲು ಬಳೆ

ನಮ್ಮ ಕಡೆ ಮದುವೆಗೆ ಹೊರಟ ಹೆಂಗಸಿನ ಮೈಮೇಲಿರುವ ಒಡವೆಯೆಲ್ಲ ಅವಳದೇ ಎಂದು ತಿಳಿದವರು ಯಾರೂ ನಂಬುವುದಿಲ್ಲ. ಅಕ್ಕನ ಸರ, ತಂಗಿಯ ಬೆಂಡೋಲೆ, ಅತ್ತಿಗೆಯ ಬಳೆ ಹೀಗೆ ಒಂದೊಂದು ಮನೆಯಿಂದ ಒಂದೊಂದು ಬಂದು ಸೇರುತ್ತವೆ. ಮದುವೆ ಮುಗಿದ ಮಾರನೆಯ ದಿನ ತಂತಮ್ಮ ಪೆಟ್ಟಿಗೆಗೆ ಮರಳುತ್ತವೆ. ಇದಕ್ಕೆ ರಸೀದಿಯಿಲ್ಲ, ಸಾಕ್ಷಿಯಿಲ್ಲ. ಕೊಟ್ಟವರೂ ಕೇಳುವುದಿಲ್ಲ, ತಂದವರೂ ಮರೆಯುವುದಿಲ್ಲ.

2018ರ ಮೇ ತಿಂಗಳಲ್ಲಿ ಇವರ ಕಡೆಯ ಒಂದು ಮದುವೆಗೆ ನಾನೂ ಅತ್ತಿಗೆಯಿಂದ ನಾಲ್ಕು ಬಳೆ ತಂದಿದ್ದೆ. ಒಟ್ಟು ಐದು ಪವನು. ಅವರ ಅಮ್ಮ ಕೊಟ್ಟದ್ದು. ನನ್ನ ಬಳೆಗಳು ಬ್ಯಾಂಕಿನ ಲಾಕರಿನಲ್ಲಿದ್ದವು; ತರಲು ಮರೆತಿದ್ದೆ. "ತೆಕ್ಕೊಂಡು ಹೋಗು, ಪೆಟ್ಟಿಗೆಯಲ್ಲಿದ್ದು ಏನು ಮಾಡ್ಲಿಕ್ಕುಂಟು?" ಎಂದು ಅತ್ತಿಗೆಯೇ ಕೈಗೆ ತೊಡಿಸಿದ್ದರು.

ಮದುವೆ ಕಾರ್ಕಳದಲ್ಲೇ. ಊಟವಾದ ಮೇಲೆ ಸೆಕೆ ತಡೆಯಲಾರದೆ ಬಳೆಗಳನ್ನು ತೆಗೆದು, ಕರವಸ್ತ್ರದಲ್ಲಿ ಕಟ್ಟಿ, ಕೈಚೀಲಕ್ಕೆ ಹಾಕಿದೆ. ಮುಂಬಯಿಯಿಂದ ಬಂದ ನೆಂಟರಿಗೆ ಗೊಮ್ಮಟನನ್ನು ನೋಡುವ ಆಸೆ. ಬೆಟ್ಟದ ಬುಡದಲ್ಲಿ ಕಾರು ನಿಲ್ಲಿಸಿದೆವು. ಮೆಟ್ಟಿಲು ಹತ್ತುವಾಗ ಭಾರವೇಕೆ ಎಂದು ಚೀಲವನ್ನು ಮುಂದಿನ ಸೀಟಿನ ಕೆಳಗೆ ತಳ್ಳಿದೆ. ಮೇಲೆ ಹೋಗಿ ಗಾಳಿಗೆ ಕುಳಿತು, 1432ರಲ್ಲಿ ವೀರಪಾಂಡ್ಯ ನಿಲ್ಲಿಸಿದ ನಲವತ್ತೆರಡು ಅಡಿಯ ಮೂರ್ತಿಯ ಕಥೆ ಹೇಳಿ ಕೆಳಗಿಳಿಯುವಾಗ ಮುಸ್ಸಂಜೆ. ಕಾರಿನ ಎಡಗಡೆಯ ಗಾಜು ಒಡೆದಿತ್ತು. ಚೀಲ ಇರಲಿಲ್ಲ.

ನೆಂಟರಿಗೆ ಅಂದೇ ರಾತ್ರಿಯ ಬಸ್ಸು. ಅವರನ್ನು ಕಳುಹಿಸುವ ಗಡಿಬಿಡಿಯಲ್ಲಿ, ಬೆಳಿಗ್ಗೆ ಹೋಗಿ ದೂರು ಕೊಟ್ಟರಾಯಿತು ಎಂದು ಮನೆಗೆ ಬಂದೆವು. ಸುದ್ದಿ ಕೇಳಿ ದೂರದ ಸಂಬಂಧದ ಭಾವನವರೊಬ್ಬರು ಬಂದರು. ವಿಮೆಯ ವಿಷಯ ಬಲ್ಲವರು. ಕಾರಿನ ಪಾಲಿಸಿ ನೋಡಿ, "ಗಾಜಿಗೆ ಸಿಗ್ತದೆ, ಬಳೆಗೆ ಇಲ್ಲ" ಎಂದರು.

ನನಗೆ ಅದು ಹೊಸ ಪಾಠ. ಕಾರಿಗೆ ವಿಮೆಯಿದೆ ಎಂದರೆ ಕಾರಿನೊಳಗಿನದಕ್ಕೂ ಇದೆ ಎಂದೇ ತಿಳಿದಿದ್ದೆ. ಹಾಗಲ್ಲ. ಕಾರಿನ ವಿಮೆ ಕಾರಿಗೆ ಮತ್ತು ಅದಕ್ಕೆ ಜೋಡಿಸಿದ ಸಾಮಾನಿಗೆ. ಒಳಗಿಟ್ಟ ಸ್ವಂತ ವಸ್ತುಗಳಿಗೆ ಬೇರೆಯೇ ಹಣ ಕಟ್ಟಬೇಕು. ಕಟ್ಟಿದರೂ ಚಿನ್ನ ಮತ್ತು ನಗದನ್ನು ಸಾಮಾನ್ಯವಾಗಿ ಹೊರಗಿಡುತ್ತಾರೆ. ಒಡವೆ ಮನೆಯಿಂದ ಹೊರಗೆ ಹೋದಾಗಲೂ ರಕ್ಷಣೆ ಬೇಕಿದ್ದರೆ ಅದಕ್ಕೆಂದೇ ಪಾಲಿಸಿ ಮಾಡಿಸಿ, ಒಂದೊಂದರ ಬೆಲೆಯನ್ನೂ ಪಟ್ಟಿ ಮಾಡಿ ಕೊಡಬೇಕು. ಯಾರೂ ಇಲ್ಲದ ಕಾರಿನಲ್ಲಿ ಬಿಟ್ಟದ್ದಕ್ಕೆ ಅಲ್ಲಿಯೂ ಷರತ್ತುಗಳಿರುತ್ತವೆ.

ನಮ್ಮಲ್ಲಿದ್ದದ್ದು ಮನೆಯ ವಿಮೆ. ಬೀಗ ಒಡೆದು ಮನೆಯೊಳಗಿನಿಂದ ಕದ್ದರೆ ಹಣ ಸಿಗುವಂಥದ್ದು. ಅದರ ಪಟ್ಟಿಯಲ್ಲಿ ನನ್ನ ನಾಲ್ಕು ಬಳೆಗಳಿದ್ದವು. ಭಾವನವರು ದನಿ ತಗ್ಗಿಸಿದರು. "ನೋಡಿ, ಬಳೆ ಮನೆಯಿಂದಲೇ ಹೋಯಿತು ಅನ್ನಿ. ಕಪಾಟಿನ ಬೀಗ ನಾವೇ ಮುರಿದರಾಯಿತು. ಹನ್ನೊಂದು ವರ್ಷದಿಂದ ಕಟ್ಟಿದ್ದೀರಿ, ಒಂದು ಪೈಸೆ ತೆಗೆದಿದ್ದೀರಾ? ಇದು ಯಾರಪ್ಪನ ಗಂಟೂ ಅಲ್ಲ."

ಇವರು ಸುಮ್ಮನಿದ್ದರು. ನಾನು ಬೇಡವೆನ್ನಲಿಲ್ಲ. ಇದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ. ಹೋದದ್ದು ನನ್ನ ಬಳೆಯಾಗಿದ್ದರೆ ಹಣೆಬರಹ ಎನ್ನುತ್ತಿದ್ದೆನೋ ಏನೋ. ಅತ್ತಿಗೆಯ ಮುಖ ನೋಡುವುದು ಹೇಗೆ? ಐದು ಪವನು ಮಾಡಿಸಿಕೊಡುವ ಶಕ್ತಿ ಆ ವರ್ಷ ನಮಗಿರಲಿಲ್ಲ. ಮಗನ ಕಾಲೇಜಿನ ಸಾಲವಿತ್ತು. ನನಗಾಗಿ ಅಲ್ಲವಲ್ಲ, ಕೊಟ್ಟವರಿಗೆ ಹಿಂತಿರುಗಿಸಲಿಕ್ಕಲ್ಲವೇ ಈ ಸುಳ್ಳು ಎಂದು ಮನಸ್ಸು ವಾದ ಮಾಡುತ್ತಿತ್ತು. ಇನ್ನೊಬ್ಬರ ಹೆಸರಿನಲ್ಲಿ ಹೇಳುವ ಸುಳ್ಳಿಗೆ ಧರ್ಮದ ಬಣ್ಣ ಬೇಗ ಹತ್ತುತ್ತದೆ.

ರಾತ್ರಿ ನಿದ್ದೆ ಬರಲಿಲ್ಲ. ಬೆಳಿಗ್ಗೆ ಆರೂವರೆಗೆ ಹಿಂಬಾಗಿಲ ಬೀಗ ತೆರೆಯುವ ಸದ್ದಾಯಿತು. ನಮ್ಮ ಮನೆಗೆಲಸಕ್ಕೆ ಬರುವವಳ ಹತ್ತಿರ ಒಂದು ಕೀಲಿ ಇರುತ್ತಿತ್ತು; ಎಂಟು ವರ್ಷದ ರೂಢಿ. ನಾನು ಹೊರಗೆ ಬರುವಷ್ಟರಲ್ಲಿ ಅವಳು ಕಾರಿನ ಸೀಟಿನ ಮೇಲಿದ್ದ ಗಾಜಿನ ಚೂರುಗಳನ್ನು ಒಂದೊಂದಾಗಿ ಹೆಕ್ಕಿ ಹಳೆಯ ಪೇಪರಿನಲ್ಲಿ ಕಟ್ಟುತ್ತಿದ್ದಳು. "ಏನಾಯ್ತು ಅಮ್ಮ?" ಎಂದಳು. "ಬಳೆ ಕಳವಾಯ್ತು" ಎಂದಷ್ಟೇ ಹೇಳಿದೆ. ಎಲ್ಲಿ ಎಂದು ಹೇಳಲು ನಾಲಿಗೆ ಏಳಲಿಲ್ಲ, ಯಾಕೆಂದರೆ ಎಲ್ಲಿ ಎಂಬುದನ್ನು ನಾವಿನ್ನೂ ನಿರ್ಧರಿಸಿರಲಿಲ್ಲ!

ಅವಳ ಕೈ ನಿಂತಿತು. "ಪೊಲೀಸಿನವರು ನನ್ನನ್ನೂ ಕೇಳ್ತಾರಾ ಅಮ್ಮ?" ಎಂದಳು.

ಹಿಂದೆ ಕೆಲಸಕ್ಕಿದ್ದ ಮನೆಯೊಂದರಲ್ಲಿ ಒಂದು ಉಂಗುರ ಕಾಣೆಯಾದಾಗ ಅವಳನ್ನು ಠಾಣೆಯಲ್ಲಿ ಮಧ್ಯಾಹ್ನದ ತನಕ ಕೂರಿಸಿದ್ದರಂತೆ. ಉಂಗುರ ಆಮೇಲೆ ಹಾಸಿಗೆಯ ಕೆಳಗೆ ಸಿಕ್ಕಿತು. ಆ ಮನೆಯವರು ಹದಿನೈದು ದಿನ ಬಿಟ್ಟು ಅವಳನ್ನು ಬಿಡಿಸಿದರು.

ಭಾವನವರು ಯಾರಪ್ಪನ ಗಂಟೂ ಅಲ್ಲ ಎಂದಿದ್ದರು. ಮನೆಯೊಳಗೆ ಕಳವಾಯಿತು ಎಂದು ನಾವು ಬರೆದುಕೊಟ್ಟರೆ ಪೊಲೀಸರು ಮೊದಲು ಕೇಳುವುದು ಹಿಂಬಾಗಿಲ ಕೀಲಿ ಯಾರ ಹತ್ತಿರ ಇದೆ ಎಂದು. ನಾನು ಕಂಪೆನಿಗೆ ಹೇಳಲು ಹೊರಟ ಸುಳ್ಳು ನೇರ ಹೋಗಿ ಬೀಳುತ್ತಿದ್ದದ್ದು ಅವಳ ಮೇಲೆ. "ಇಲ್ಲ ಮಾರಾಯ್ತಿ, ಗೊಮ್ಮಟಬೆಟ್ಟದ ಹತ್ತಿರ, ಕಾರಿನಿಂದ ಹೋದದ್ದು" ಎಂದೆ. ಹಾಗೆ ಹೇಳಿದ ಮೇಲೆ ಬೇರೆ ದಾರಿ ಉಳಿಯಲಿಲ್ಲ. ಹತ್ತು ಗಂಟೆಗೆ ಠಾಣೆಯಲ್ಲಿ ನಡೆದದ್ದನ್ನು ನಡೆದ ಹಾಗೆ ಬರೆಸಿದೆವು.

ಆದರೆ ಅಂದಿನಿಂದ ಒಂದು ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಅವಳು ಆ ಮಾತು ಕೇಳದೇ ಇದ್ದಿದ್ದರೆ? ನಮ್ಮ ಮನೆಗೆ ಕೆಲಸದವರೇ ಇಲ್ಲದಿದ್ದರೆ? ಯಾರಿಗೂ ತಾಗದ ಸುಳ್ಳಾಗಿದ್ದರೆ ಅದು ಸರಿಯಾಗುತ್ತಿತ್ತೇ?

ಹನ್ನೊಂದು ವರ್ಷ ಕಟ್ಟಿದ್ದು ನಮ್ಮದೇ ಹಣವಲ್ಲವೇ ಎಂಬ ಲೆಕ್ಕ ನಮ್ಮ ಜಿಲ್ಲೆಯವರಿಗೆ ಸಹಜ. ದಿನಕ್ಕೆ ಎರಡಾಣೆಯನ್ನು ಮನೆಬಾಗಿಲಿಗೆ ಬಂದು ಕೂಡಿಹಾಕಿಕೊಳ್ಳುವ ಪಿಗ್ಮಿ ಠೇವಣಿಯನ್ನು 1928ರಲ್ಲಿ ಶುರುಮಾಡಿದ್ದು ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು. 2020ರಲ್ಲಿ ಆ ಬ್ಯಾಂಕು ಕೆನರಾ ಬ್ಯಾಂಕಿನೊಳಗೆ ಸೇರಿಹೋಯಿತು. ನಮ್ಮ ಬುದ್ಧಿ ಮಾತ್ರ ಪಿಗ್ಮಿಯಲ್ಲೇ ಇದೆ. ಕಟ್ಟಿದ್ದು ಬಡ್ಡಿಸಮೇತ ಮರಳಬೇಕು. ವಿಮೆ ಹಾಗಲ್ಲ. ಅಲ್ಲಿ ಕಟ್ಟಿದ್ದು ಮರಳದಿದ್ದರೇ ನಮ್ಮ ಪುಣ್ಯ. ನಮ್ಮ ಹನ್ನೊಂದು ವರ್ಷದ ಹಣ ಬೆಂಕಿ ಬಿದ್ದ ಯಾರದೋ ಮನೆಗೆ, ನೆರೆ ಬಂದ ಯಾರದೋ ಅಂಗಡಿಗೆ ಆಗಲೇ ಹೋಗಿದೆ. ಬಿರುಗಾಳಿಯಲ್ಲಿ ಹಡಗು ಉಳಿಸಲು ಒಬ್ಬನ ಸರಕನ್ನು ಸಮುದ್ರಕ್ಕೆ ಎಸೆದರೆ ಆ ನಷ್ಟವನ್ನು ಉಳಿದವರೆಲ್ಲ ಹಂಚಿಕೊಳ್ಳಬೇಕೆಂದು ರೋಡ್ಸ್ ದ್ವೀಪದವರು ಬಹು ಹಿಂದೆಯೇ ಕಟ್ಟಳೆ ಮಾಡಿದ್ದರು. ಎಸೆಯದ ಸರಕನ್ನು ಎಸೆದೆ ಎನ್ನುವವನು ಹಡಗಿನಲ್ಲಿದ್ದ ಪ್ರತಿಯೊಬ್ಬನ ಜೇಬಿಗೂ ಕೈ ಹಾಕುತ್ತಾನೆ. ನಾವು ಹೆಂಗಸರು ನಡೆಸುವ ಚೀಟಿಯಲ್ಲಿ ಯಾರಾದರೂ ಹೀಗೆ ಮಾಡಿದರೆ ಅವಳನ್ನು ಮನೆಯೊಳಗೆ ಸೇರಿಸುತ್ತೇವೆಯೇ? ಚೀಟಿಯಲ್ಲಿ ಮುಖಗಳು ಕಾಣುತ್ತವೆ, ವಿಮೆಯಲ್ಲಿ ಕಾಣುವುದಿಲ್ಲ. ವ್ಯತ್ಯಾಸ ಅಷ್ಟೇ.

1766ರಲ್ಲಿ ಇಂಗ್ಲೆಂಡಿನ ನ್ಯಾಯಾಧೀಶ ಲಾರ್ಡ್ ಮ್ಯಾನ್ಸ್‌ಫೀಲ್ಡ್, ವಿಮೆ ನಿಂತಿರುವುದೇ ಪರಸ್ಪರ ನಂಬಿಕೆಯ ಮೇಲೆ ಎಂದು ತೀರ್ಪು ಕೊಟ್ಟರು. ನನ್ನ ಒಡವೆಯ ಸಂಗತಿ ಬಲ್ಲವಳು ನಾನು. ಕಂಪೆನಿಯವರು ನನ್ನ ಮಾತನ್ನು ನಂಬಬೇಕು. ಅತ್ತಿಗೆ ರಸೀದಿಯಿಲ್ಲದೆ ಬಳೆ ಕೊಟ್ಟದ್ದೂ ಇಂಥದೇ ನಂಬಿಕೆಯಿಂದ. ಒಂದು ನಂಬಿಕೆಯನ್ನು ಉಳಿಸಲು ಇನ್ನೊಂದನ್ನು ಮುರಿಯಲು ನಾನು ಹೊರಟಿದ್ದೆ.

ಮತ್ತೊಮ್ಮೆ ಬೆಟ್ಟ ಹತ್ತಿದಾಗ ಇನ್ನೊಂದು ಹೊಳೆಯಿತು. ಜೈನರ ತತ್ತ್ವಾರ್ಥಸೂತ್ರ ಅಚೌರ್ಯವ್ರತಕ್ಕೆ ಐದು ದೋಷಗಳನ್ನು ಹೇಳುತ್ತದೆ. ಕಳ್ಳತನಕ್ಕೆ ಪ್ರೇರಣೆ ಕೊಡುವುದು, ಕದ್ದ ಮಾಲು ಕೊಳ್ಳುವುದು, ರಾಜ್ಯದ ಕಟ್ಟಳೆ ಮೀರುವುದು, ತೂಕ ಅಳತೆಯಲ್ಲಿ ಮೋಸ, ಕಲಬೆರಕೆ. ಗಾಜು ಒಡೆಯುವವನ ಮಾತು ಇದರಲ್ಲಿಲ್ಲ. ಅವನು ಕಳ್ಳನೆಂದು ಎಲ್ಲರಿಗೂ ಗೊತ್ತು. ಇದು ಮನೆಮಠವಿರುವ, ಕಳ್ಳರೆಂದು ತಮ್ಮನ್ನು ಎಂದೂ ಎಣಿಸದ ನಮ್ಮಂಥವರಿಗೆ ಹೇಳಿದ ಮಾತು. ಗೆದ್ದ ರಾಜ್ಯವನ್ನೇ ಬಿಟ್ಟು ನಿಂತ ಬಾಹುಬಲಿಯ ಕಾಲಬುಡದಲ್ಲಿ ನನ್ನ ಬಳೆ ಹೋಯಿತೆಂದು ಅತ್ತಿದ್ದೆ. ಆ ರಾತ್ರಿ ಇನ್ನೂ ಏನೇನು ಹೋಗುವುದರಲ್ಲಿತ್ತು ಎಂಬುದು ಆಗ ತಿಳಿದಿರಲಿಲ್ಲ.

ಬಳೆ ಸಿಗಲಿಲ್ಲ. ಗಾಜಿನ ಹಣ ಬಂತು. ಅತ್ತಿಗೆಗೆ ಎಲ್ಲ ಹೇಳಿದೆ, ಭಾವನವರ ಸಲಹೆಯನ್ನೂ ಬಿಡದೆ. ಅವರು ತುಂಬ ಹೊತ್ತು ಮಾತಾಡಲಿಲ್ಲ. "ಅಮ್ಮ ಕೊಟ್ಟದ್ದಲ್ವಾ" ಎಂದಷ್ಟೇ ಹೇಳಿ ಒಳಗೆ ಹೋದರು. ಅದಕ್ಕೆ ಯಾವ ಪಾಲಿಸಿಯೂ ಇಲ್ಲ. ಒಂದೊಂದು ವರ್ಷ ಒಂದೊಂದು ಬಳೆಯಂತೆ ನಾಲ್ಕು ವರ್ಷದಲ್ಲಿ ಮಾಡಿಸಿ ಕೊಟ್ಟೆವು. ಮೊದಲನೆಯದನ್ನು ಅವರು ಬೇಡವೆಂದರು, ಎರಡನೆಯದಕ್ಕೆ ಸುಮ್ಮನೆ ಕೈ ನೀಡಿದರು.

ಹಿಂಬಾಗಿಲ ಕೀಲಿ ಈಗಲೂ ಅವಳ ಹತ್ತಿರವೇ ಇದೆ. ಆ ರಾತ್ರಿ ನಡೆದ ಮಾತುಕತೆಯನ್ನು ಅವಳಿಗೆ ನಾನು ಹೇಳಿಲ್ಲ. ಹೇಳುವ ಧೈರ್ಯ ಇನ್ನೂ ಬಂದಿಲ್ಲ.

ಕಳೆದ ವರ್ಷ ಮತ್ತೊಂದು ಮದುವೆ. ಹೊರಡುವಾಗ ಅತ್ತಿಗೆ ತಾವಾಗಿಯೇ ಹೊಸ ಬಳೆಗಳನ್ನು ತಂದು ನನ್ನ ಕೈಗೆ ತೊಡಿಸಿದರು. ನಾನು ಹಿಂಜರಿದೆ. "ಹಾಕ್ಕೋ. ಈ ಸಲ ಮಾತ್ರ ಎಷ್ಟು ಸೆಕೆಯಾದರೂ ಕೈಯಿಂದ ತೆಗೀಬೇಡ ಮಾರಾಯ್ತಿ" ಎಂದರು.