ಬರೆಯದೆ ಬಿಟ್ಟ ಸಾಲು

ಅತ್ತಿಗುಂಡಿಯಲ್ಲಿ ಮಳೆಗಾಲವೆಂದರೆ ಕಾಗದಕ್ಕೆ ಕೆಟ್ಟ ಕಾಲ. ಜೂನ್‌ನಲ್ಲಿ ಗಿರಿಯ ಮೇಲೆ ಕವಿದ ಮಂಜು ಸೆಪ್ಟೆಂಬರ್ ಕಳೆದರೂ ಪೂರ್ತಿ ಸರಿಯುವುದಿಲ್ಲ. ಗೋಡೆ ಬೆವರುತ್ತದೆ. ಟ್ರಂಕಿನೊಳಗಿನ ನಿಕಾಹ್‌ನಾಮೆಗೂ ರೇಷನ್ ಕಾರ್ಡಿಗೂ ಒಂದೇ ಬಗೆಯ ಬೂಷ್ಟು ಹಿಡಿಯುತ್ತದೆ. ಅಂಥದೊಂದು ಆಗಸ್ಟ್ ತಿಂಗಳಲ್ಲಿ, ಅಸರ್ ನಮಾಝ್ ಮುಗಿದ ಮೇಲೆ, ನಾವೆಲ್ಲ ಮಿಲಿಟರಿ ಚಾಚಾ ಎಂದು ಕರೆಯುವ ಹಿರಿಯರು ಎರಡು ಪ್ಲಾಸ್ಟಿಕ್ ಕವರುಗಳಲ್ಲಿ ಸುತ್ತಿದ ಪುಸ್ತಕವೊಂದನ್ನು ತಂದು ನನ್ನ ಮುಂದಿಟ್ಟರು. ಸೈನ್ಯದಿಂದ ಬಿಡುಗಡೆಯಾಗುವಾಗ ಕೊಡುವ ಡಿಸ್ಚಾರ್ಜ್ ಬುಕ್. ಇಷ್ಟು ವರ್ಷ ಅದನ್ನು ಮಳೆಯಿಂದ ಹೇಗೆ ಕಾಪಾಡಿದರೋ, ಹಾಳೆಗಳು ಹಳದಿಯಾಗಿದ್ದವೇ ಹೊರತು ಒಂದಕ್ಷರ ಅಳಿಸಿರಲಿಲ್ಲ.

ಅಳಿಸಿರಲಿಲ್ಲ ನಿಜ, ಆದರೆ ಬರೆಯಬೇಕಾದುದನ್ನು ಬರೆದೇ ಇರಲಿಲ್ಲ. ಚಾಚಾ ಸೈನ್ಯದಲ್ಲಿ ಲಾರಿ ಓಡಿಸುತ್ತಿದ್ದವರು. 1971ರ ಯುದ್ಧದ ಹೊತ್ತಿಗೆ ಅವರನ್ನು ತಾತ್ಕಾಲಿಕವಾಗಿ ಬೇರೊಂದು ತುಕಡಿಗೆ ಸೇರಿಸಿ ಪೂರ್ವದ ಗಡಿಗೆ ಕಳಿಸಿದ್ದರು. ಮದ್ದುಗುಂಡು ತುಂಬಿದ ಲಾರಿಯನ್ನು ರಾತ್ರಿ ದೀಪ ಹಾಕದೆ ಓಡಿಸಿದ್ದು, ಬರುವಾಗ ಗಾಯಾಳುಗಳನ್ನು ತಂದದ್ದು, ಇದೆಲ್ಲ ಅವರು ಯಾವಾಗಲೋ ಒಮ್ಮೆ, ಅದೂ ಕೇಳಿದರೆ ಮಾತ್ರ ಹೇಳುತ್ತಿದ್ದರು. ಪೂರ್ವದ ರಣರಂಗದಲ್ಲಿ ಸೇವೆ ಸಲ್ಲಿಸಿದವರಿಗೆ ಸರಕಾರ ಪೂರ್ವಿ ಸ್ಟಾರ್ ಎಂಬ ಪದಕ ಕೊಟ್ಟಿತು, ಪಶ್ಚಿಮದವರಿಗೆ ಪಶ್ಚಿಮಿ ಸ್ಟಾರ್. ಚಾಚಾನ ಪುಸ್ತಕದಲ್ಲಿ ಬೇರೆ ಪದಕಗಳ ಹೆಸರಿದೆ, ಪೂರ್ವಿ ಸ್ಟಾರ್ ಇಲ್ಲ. ತುಕಡಿಯಿಂದ ತುಕಡಿಗೆ ಹೋದ ಆ ಕೆಲವು ತಿಂಗಳು ಯಾವ ಗುಮಾಸ್ತನ ಕೈಯಿಂದಲೂ ಕಾಗದಕ್ಕೆ ಇಳಿದಿಲ್ಲ. ಸಾಲದ್ದಕ್ಕೆ ಹೆಸರಿನ ಮುಂದಿನ ಮುಹಮ್ಮದ್ ಒಂದು ಪುಟದಲ್ಲಿ ಮೊಹಮದ್, ಇನ್ನೊಂದರಲ್ಲಿ ಮಹಮ್ಮದ್, ಮತ್ತೊಂದರಲ್ಲಿ ಬರೀ ಎಂ.ಡಿ. ನಮ್ಮಲ್ಲಿ ಎಷ್ಟು ಮಂದಿ ಈ ಎಂ.ಡಿ.ಯಿಂದಾಗಿ ಬ್ಯಾಂಕು, ಪಾಸ್‌ಪೋರ್ಟು ಕಚೇರಿಗಳಲ್ಲಿ ಚಪ್ಪಲಿ ಸವೆಸಿಲ್ಲ!

'ಪದಕ ಬೇಡ ಬೇಟಾ' ಎಂದರು ಚಾಚಾ. 'ಅದು ಪೇಟೆಯಲ್ಲಿ ದುಡ್ಡಿಗೂ ಸಿಗುತ್ತದಂತೆ. ಪುಸ್ತಕದಲ್ಲಿ ಆ ಒಂದು ಸಾಲು ಬರೆಯಬೇಕು. ನಾನು ಅಲ್ಲಿದ್ದೆ ಅಂತ. ನೀನು ಕತೆ ಬರೆಯುವವನು, ಒಂದು ಅರ್ಜಿ ಬರೆದುಕೊಡು.'

ಪಕ್ಕದಲ್ಲೇ ಕುಳಿತಿದ್ದ ನಮ್ಮ ಮಸೀದಿಯ ಯುವ ಮೌಲವಿ ಒಳ್ಳೆಯ ಮನಸ್ಸಿನಿಂದಲೇ ಕೇಳಿದರು: 'ಚಾಚಾ, ಈ ವಯಸ್ಸಿನಲ್ಲಿ ದುನಿಯಾದ ಹೆಸರು ಯಾಕೆ? ಅಲ್ಲಾಹನ ಬಳಿ ಬರೆದಿದೆಯಲ್ಲ, ಸಾಲದೇ?' ಚಾಚಾ ಉತ್ತರ ಕೊಡಲಿಲ್ಲ. ಪುಸ್ತಕವನ್ನು ಮತ್ತೆ ಕವರಿಗೆ ಹಾಕತೊಡಗಿದರು. ಅವರ ಕೈ ನಡುಗುತ್ತಿದ್ದುದನ್ನು ಕಂಡು ನನಗೆ ಮೌಲವಿಯ ಮೇಲೆ ಸಿಟ್ಟು ಬಂತು. ಆದರೆ ಪ್ರಶ್ನೆ ಸುಳ್ಳಾಗಿರಲಿಲ್ಲ. ಅರ್ಜಿಯನ್ನು ಅಂದು ರಾತ್ರಿಯೇ ಬರೆದೆ. ಪ್ರಶ್ನೆ ಮಾತ್ರ ತಿಂಗಳುಗಟ್ಟಲೆ ನನ್ನೊಡನೆ ಉಳಿಯಿತು.

ಮೌಲವಿಯ ಮಾತಿಗೆ ಗಟ್ಟಿಯಾದ ಆಧಾರವಿದೆ. ಪ್ರತಿಯೊಬ್ಬನ ಮೇಲೂ ಗೌರವಾನ್ವಿತ ಲೇಖಕರಿದ್ದಾರೆ, ನೀವು ಮಾಡುವುದೆಲ್ಲ ಅವರಿಗೆ ಗೊತ್ತು ಎಂದು ಅಲ್ ಇನ್ಫಿತಾರ್ ಅಧ್ಯಾಯ ತಿಳಿಸುತ್ತದೆ. ಸಹೀಹ್ ಮುಸ್ಲಿಮ್‌ನಲ್ಲಿ ಇನ್ನೂ ಕಠಿಣವಾದ ವಚನವಿದೆ. ಅಂತಿಮ ದಿನ ಮೊದಲು ವಿಚಾರಣೆಗೆ ನಿಲ್ಲುವ ಮೂವರಲ್ಲಿ ಯುದ್ಧದಲ್ಲಿ ಮಡಿದವನೂ ಒಬ್ಬ. ತಾನು ಅಲ್ಲಾಹನಿಗಾಗಿ ಹೋರಾಡಿದೆ ಎನ್ನುತ್ತಾನೆ. ಇಲ್ಲ, ಶೂರನೆನಿಸಿಕೊಳ್ಳಲು ಹೋರಾಡಿದೆ, ಜನ ಹಾಗೆಯೇ ಕರೆದರು, ನಿನ್ನ ಪ್ರತಿಫಲ ಅಲ್ಲೇ ಸಂದಿದೆ ಎಂದು ಅವನಿಗೆ ಹೇಳಲಾಗುತ್ತದೆ. ಈ ವಚನವನ್ನು ಓದಿದವನು ಪದಕದ ಮಾತೆತ್ತುವ ಮೊದಲು ಹತ್ತು ಸಲ ಯೋಚಿಸಬೇಕು. ಚಾಚಾ ಖಂಡಿತ ಯೋಚಿಸಿದ್ದರು. ಇಲ್ಲದಿದ್ದರೆ ಐವತ್ತು ವರ್ಷ ಸುಮ್ಮನಿರುತ್ತಿರಲಿಲ್ಲ.

ಆದರೆ ಅದೇ ಕುರ್‌ಆನಿನಲ್ಲಿ ಅತಿ ದೀರ್ಘವಾದ ಸೂಕ್ತ ಯಾವುದರ ಬಗ್ಗೆ ಇದೆ? ನಮಾಝಿನ ಬಗ್ಗೆ ಅಲ್ಲ, ಉಪವಾಸದ ಬಗ್ಗೆ ಅಲ್ಲ. ಅಲ್ ಬಕರದ 282ನೇ ಸೂಕ್ತ ಸಾಲದ ಬಗ್ಗೆ ಇದೆ, ಸಾಲವನ್ನು ಬರೆದಿಡುವುದರ ಬಗ್ಗೆ. ಬರೆಯುವವನು ನ್ಯಾಯವಾಗಿ ಬರೆಯಲಿ, ಸಾಕ್ಷಿಗಳಿರಲಿ, ಮೊತ್ತ ಸಣ್ಣದೆಂದು ಬರೆಯಲು ಬೇಸರಿಸಬೇಡಿ ಎನ್ನುತ್ತದೆ ಅದು. ಮುಂದಿನ ಸೂಕ್ತದಲ್ಲಿ ಸಾಕ್ಷ್ಯ ಮುಚ್ಚಿಡುವವನ ಹೃದಯವೇ ಪಾಪಿ ಎಂಬ ಎಚ್ಚರಿಕೆಯಿದೆ. ಎಲ್ಲವನ್ನೂ ಬಲ್ಲ ಅಲ್ಲಾಹನಿಗೆ ನಮ್ಮ ಸಾಲದ ಪತ್ರ ಬೇಕಿಲ್ಲ. ಅದು ಬೇಕಿರುವುದು ನಮಗೆ, ಒಬ್ಬರ ಹಕ್ಕು ಇನ್ನೊಬ್ಬರ ಬಳಿ ಉಳಿದುಹೋಗದಿರಲು.

ಇಲ್ಲಿ ಎರಡು ಬಗೆಯ ಪದಕಗಳಿವೆ ಎಂಬುದನ್ನು ಮರೆಯಬಾರದು. ಶೌರ್ಯ ಪದಕವನ್ನು ಮೇಲಿನವರು ಶಿಫಾರಸು ಮಾಡಿ, ಸರಕಾರ ಒಪ್ಪಿ ಕೊಡುವುದು. ಅದನ್ನು ತಾನೇ ಕೇಳುವುದು ಯಾರಿಗೂ ಭೂಷಣವಲ್ಲ. ಸೇವಾ ಪದಕ ಹಾಗಲ್ಲ. ಇಂಥ ಅವಧಿಯಲ್ಲಿ ಇಂಥ ಪ್ರದೇಶದಲ್ಲಿ ಕರ್ತವ್ಯದಲ್ಲಿದ್ದ ಎಲ್ಲರಿಗೂ, ಅಧಿಕಾರಿಗೂ ಅಡುಗೆಯವನಿಗೂ ಅದು ಸಲ್ಲುತ್ತದೆ. ಅದರಲ್ಲಿ ಹೊಗಳಿಕೆಯಿಲ್ಲ, ಹಾಜರಿಯಿದೆ. ನಮ್ಮ ತೋಟಗಳ ಚೆಕ್‌ರೋಲ್ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಕ್ಷರ ಬಾರದ ಹೆಂಗಸು ಕೂಡ ಸಂಜೆ ರೈಟರ ಪೆನ್ನು ತನ್ನ ಹೆಸರಿನ ಮುಂದೆ ಗೀಟು ಎಳೆಯಿತೋ ಇಲ್ಲವೋ ಎಂದು ಕಣ್ಣಿಟ್ಟು ನೋಡುತ್ತಾಳೆ. ಗೀಟು ಬೀಳದಿದ್ದರೆ ಅವಳು ಇಡೀ ದಿನ ಮಳೆಯಲ್ಲಿ ನೆನೆದು ಮಾಡಿದ ಕೆಲಸ ಆಗಿಯೇ ಇಲ್ಲ. ಅವಳು ಜಗಳ ತೆಗೆದರೆ ನಾವು ಅದನ್ನು ಕೀರ್ತಿಯ ಆಸೆ ಎನ್ನುತ್ತೇವೆಯೇ?

ಇನ್ನು ಶೌರ್ಯ ಪದಕದ ವಿಷಯ. ನಮ್ಮ ಪಕ್ಕದ ಕೊಡಗಿನಲ್ಲೇ ಒಂದು ಉದಾಹರಣೆಯಿದೆ. ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲಿನ ದಾಳಿಗೆ ಹೋದವರು ಮರಳಲಿಲ್ಲ. ಆ ದಾಳಿಯಲ್ಲಿ ಅವರು ಮೀಸಲು ಚಾಲಕರು. ಬೇರೆಯವರಿಗೆ ತೊಂದರೆಯಾದರೆ ಮಾತ್ರ ಹೋಗಬೇಕಾದವರು, ಹೋದರು. ಅವರಿಗೆ ಏನಾಯಿತೆಂದು ಜತೆಗಾರರು ಯಾರೂ ನೋಡಿರಲಿಲ್ಲ. ಭಾರತದ ದಾಖಲೆಯಲ್ಲಿ ಉಳಿದದ್ದು ಕಾಣೆಯಾದವರು ಎಂಬ ಮಾತು. ಮಡದಿಗೆ, ಮಕ್ಕಳಿಗೆ ಅಷ್ಟೇ.

ಹದಿನಾಲ್ಕು ವರ್ಷದ ನಂತರ, 1979ರಲ್ಲಿ, ಜಾನ್ ಫ್ರಿಕರ್ ಎಂಬ ಬ್ರಿಟಿಷ್ ಲೇಖಕ ಆ ಯುದ್ಧದ ವಾಯುಸಮರದ ಬಗ್ಗೆ ಪುಸ್ತಕ ಪ್ರಕಟಿಸಿದರು. ಪಾಕಿಸ್ತಾನದ ವಾಯುಪಡೆಯ ಸಹಕಾರದಿಂದ, ಅವರ ಕಡೆಯ ಕತೆ ಹೇಳಲು ಬರೆದ ಪುಸ್ತಕವದು. ಅದರಲ್ಲಿ ಒಂದು ಸ್ಟಾರ್‌ಫೈಟರ್ ವಿಮಾನದ ಪ್ರಸಂಗ ಬರುತ್ತದೆ. ಶಬ್ದಕ್ಕಿಂತ ಇಮ್ಮಡಿ ವೇಗದ ಆ ವಿಮಾನ, ಮರಳುತ್ತಿದ್ದ ಭಾರತದ ಹಳೆಯ ಮಿಸ್ಟೇರ್ ವಿಮಾನವೊಂದನ್ನು ಅಟ್ಟಿಸಿಕೊಂಡು ಹೋಯಿತು. ಏಟು ತಿಂದ ಮೇಲೂ ಮಿಸ್ಟೇರ್ ಓಡಲಿಲ್ಲ, ತಿರುಗಿ ನಿಂತು ಹೋರಾಡಿತು, ಸ್ಟಾರ್‌ಫೈಟರನ್ನು ಉರುಳಿಸಿತು. ಪಾಕಿಸ್ತಾನದ ಚಾಲಕ ಅಮ್ಜದ್ ಹುಸೇನ್ ಪ್ಯಾರಾಚೂಟ್ ಹಿಡಿದು ಬದುಕಿಕೊಂಡರು. ಮಿಸ್ಟೇರ್‌ನವನು ಉಳಿಯಲಿಲ್ಲ. ಅವನು ಯಾರು? ಭಾರತದ ಕಡೆ ಲೆಕ್ಕ ಹಾಕಿ ನೋಡಿದರೆ ಅಲ್ಲಿರಬಹುದಾಗಿದ್ದವರು ದೇವಯ್ಯ ಒಬ್ಬರೇ. ಅಂದಿನ ದಾಳಿಯ ನೇತೃತ್ವ ವಹಿಸಿದ್ದ ಓ.ಪಿ. ತನೇಜಾ ವಾಯುಪಡೆಗೆ ಬರೆದರು. 1988ರಲ್ಲಿ, ಸತ್ತು 23 ವರ್ಷದ ಮೇಲೆ, ದೇವಯ್ಯನವರಿಗೆ ಮಹಾವೀರ ಚಕ್ರ ಬಂತು. 2025ರಲ್ಲಿ ಈ ಕತೆಯ ಎಳೆ ಹಿಡಿದು ಹಿಂದಿ ಚಲನಚಿತ್ರವೂ ಬಂತು. ಸಿನಿಮಾದವರಿಗೆ ವಿಮಾನಗಳ ಅಬ್ಬರ ಬೇಕಿತ್ತು. ನನ್ನನ್ನು ಹಿಡಿದದ್ದು ಆ ಸಾಕ್ಷ್ಯ.

ಅರಬಿಯಲ್ಲಿ ಶಹೀದ್, ಶಾಹಿದ್ ಎಂಬ ಪದಗಳು ಒಂದೇ ಧಾತುವಿನಿಂದ ಹುಟ್ಟಿದವು. ಒಂದು ಹುತಾತ್ಮ, ಇನ್ನೊಂದು ಸಾಕ್ಷಿ. ದೇವಯ್ಯನವರ ಹುತಾತ್ಮತೆಗೆ ಸಾಕ್ಷಿಯಾದವರು ಶತ್ರುಗಳು. ಅಂದು ಪಾಕಿಸ್ತಾನದವರು ಬಾಯಿಬಿಡದಿದ್ದರೆ ಅವರಿಗೆ ನಷ್ಟವೇನೂ ಇರಲಿಲ್ಲ. ಒಂದು ಹಳೆಯ ವಿಮಾನದಿಂದ ತಮ್ಮ ಹೆಮ್ಮೆಯ ವಿಮಾನ ಬಿತ್ತು ಎಂಬ ಮುಜುಗರವೂ ಉಳಿಯುತ್ತಿತ್ತು. ಆದರೂ ಅದು ಅಚ್ಚಾಯಿತು. ಸ್ವಂತಕ್ಕೆ ವಿರುದ್ಧವಾದರೂ ಸಾಕ್ಷ್ಯ ನುಡಿಯಿರಿ ಎಂದು ಅನ್ನಿಸಾ ಅಧ್ಯಾಯ ಆದೇಶಿಸುತ್ತದೆ. ಅವರು ಆ ಉದ್ದೇಶದಿಂದಲೇ ಹೇಳಿದರೆಂದು ನಾನು ಹೇಳಲಾರೆ. ಹೇಳಿದರು, ಅಷ್ಟು ಸಾಕು. ಇನ್ನೊಂದು ವಿಷಯ: ಇಡೀ ಪ್ರಕರಣದಲ್ಲಿ ಕೇಳಿದವರು ದೇವಯ್ಯ ಅಲ್ಲ. ಅವರಿಗೆ ಕೇಳುವ ಬಾಯಿ ಇರಲಿಲ್ಲ. ಕೇಳಿದವರು ಅವರ ನಾಯಕ. ಕೀರ್ತಿಯ ಆಸೆಯೆಂಬ ಆರೋಪ ಅಲ್ಲಿ ನಿಲ್ಲುವುದಿಲ್ಲ. ಹಾಗಾದರೆ ಮೌಲವಿಯ ಪ್ರಶ್ನೆ ತಪ್ಪು ವ್ಯಕ್ತಿಗೆ ಹೋಯಿತೇನೋ. ಚಾಚಾ ಯಾಕೆ ಕೇಳುತ್ತಾರೆ ಎನ್ನುವುದಕ್ಕಿಂತ, ಇಷ್ಟು ವರ್ಷ ಬೇರೆ ಯಾರೂ ಯಾಕೆ ಕೇಳಲಿಲ್ಲ ಎನ್ನಬೇಕಿತ್ತು.

ಬಿಟ್ಟುಹೋಗುವುದು ಯಾವಾಗಲೂ ಆಕಸ್ಮಿಕವೂ ಅಲ್ಲ. 1973ರ ಜುಲೈನಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನ ದಾಖಲೆ ಕೇಂದ್ರಕ್ಕೆ ಬೆಂಕಿ ಬಿದ್ದು 1.6 ಕೋಟಿಗೂ ಹೆಚ್ಚು ಸೈನಿಕರ ಕಡತಗಳು ಸುಟ್ಟವು. ಅದು ಬೆಂಕಿಯ ತಪ್ಪು. ಆದರೆ ಎರಡನೇ ಮಹಾಯುದ್ಧದಲ್ಲಿ ಹೋರಾಡಿದ ಅಮೆರಿಕದ ಕರಿಯ ಸೈನಿಕರಲ್ಲಿ ಒಬ್ಬನಿಗೂ ಆ ದೇಶದ ಅತ್ಯುನ್ನತ ಪದಕ ಆಗ ಸಿಗಲಿಲ್ಲವಲ್ಲ, ಅದು ಯಾವ ಬೆಂಕಿ? 1997ರಲ್ಲಿ ಏಳು ಮಂದಿಗೆ ಅದನ್ನು ಕೊಟ್ಟಾಗ ಬದುಕಿದ್ದವರು ವರ್ನನ್ ಬೇಕರ್ ಒಬ್ಬರೇ. ಕಾಮನ್‌ವೆಲ್ತ್ ದೇಶಗಳ ಯುದ್ಧಸಮಾಧಿಗಳ ಆಯೋಗ 2021ರಲ್ಲಿ ತಾನೇ ವರದಿ ಹೊರಡಿಸಿ ತಪ್ಪೊಪ್ಪಿಕೊಂಡಿತು: ಮೊದಲನೇ ಮಹಾಯುದ್ಧದಲ್ಲಿ ಸತ್ತವರಲ್ಲಿ ಕನಿಷ್ಠ 1,16,000 ಮಂದಿಯ, ಮುಖ್ಯವಾಗಿ ಆಫ್ರಿಕಾ ಮತ್ತು ಈಜಿಪ್ಟಿನವರ, ಹೆಸರನ್ನು ಎಲ್ಲಿಯೂ ಕೆತ್ತಿಲ್ಲ. ಸಂಖ್ಯೆ 3,50,000 ಇರಬಹುದು. ಅವರಲ್ಲಿ ಬಹಳಷ್ಟು ಮಂದಿ ಹೊರೆ ಹೊತ್ತವರು. ಹೊರೆ ಹೊರುವವರ, ಲಾರಿ ಓಡಿಸುವವರ ಪಾಡು ಎಲ್ಲ ಕಡೆ ಒಂದೇ.

ಚಾಚಾನ ಮೊಮ್ಮಗನಿಗೆ ಈ ಅರ್ಜಿಯ ಬಗ್ಗೆ ಬೇರೆ ಉತ್ಸಾಹವಿತ್ತು. ಪದಕ ಬಂದರೆ ಗೋಡೆಗೆ ಹಾಕಬೇಕು, ಯಾರಾದರೂ ದೇಶಪ್ರೇಮದ ಬಗ್ಗೆ ಕೇಳಿದರೆ ತೋರಿಸಬೇಕು ಎಂದ. ಗಿರಿಯ ಬುಡದಲ್ಲಿ ಬೆಳೆದ ಹುಡುಗ, ವರ್ಷಕ್ಕೊಮ್ಮೆ ರಸ್ತೆಯುದ್ದಕ್ಕೂ ಪೊಲೀಸರನ್ನು ನೋಡಿಕೊಂಡೇ ದೊಡ್ಡವನಾದವನು. ಅವನ ಮಾತು ನನಗೆ ಅರ್ಥವಾಗುತ್ತದೆ. ಚಾಚಾ ಮಾತ್ರ ಕೆರಳಿದರು. 'ಅದಕ್ಕಾದರೆ ಅರ್ಜಿ ಹರಿದುಹಾಕು' ಎಂದರು. ನನಗೆ ಅಸ್ಸಾಮಿನ ಮುಹಮ್ಮದ್ ಸನಾವುಲ್ಲಾ ನೆನಪಾದರು. ಮೂವತ್ತು ವರ್ಷ ಸೈನ್ಯದಲ್ಲಿ ದುಡಿದು ನಿವೃತ್ತರಾದ ಅವರನ್ನು 2019ರ ಮೇ ತಿಂಗಳಲ್ಲಿ ನ್ಯಾಯಮಂಡಳಿ ವಿದೇಶಿ ಎಂದಿತು. ಬಂಧನ ಶಿಬಿರಕ್ಕೆ ಕಳಿಸಿದರು. ವಿಚಾರಣಾ ವರದಿಯಲ್ಲಿ ಅವರ ಕಸುಬು ಕೂಲಿ ಎಂದು ಬರೆದಿತ್ತು. ಜೂನ್‌ನಲ್ಲಿ ಗುವಾಹಟಿ ಹೈಕೋರ್ಟಿನ ಜಾಮೀನಿನ ಮೇಲೆ ಹೊರಬಂದರು. ಎದೆಯ ಮೇಲಿನ ಪದಕ ಅವರನ್ನು ಕಾಯಲಿಲ್ಲ. ಪದಕವನ್ನು ಗುರಾಣಿ ಮಾಡಿಕೊಳ್ಳಬೇಕಾದ ಸ್ಥಿತಿಯೇ ಅವಮಾನದ್ದು ಎಂದು ಚಾಚಾನಿಗೆ ಅನಿಸಿರಬೇಕು. ಹಾಗೆಂದು ಹುಡುಗನ ಭಯವನ್ನು ಬೈದು ಬಾಯಿ ಮುಚ್ಚಿಸುವುದು ಸರಿಯೇ? ನನಗೆ ಇನ್ನೂ ತೀರ್ಮಾನಕ್ಕೆ ಬರಲು ಆಗಿಲ್ಲ.

ಒಂದು ಶುಕ್ರವಾರ ಮೌಲವಿಯವರೇ ನನ್ನನ್ನು ನಿಲ್ಲಿಸಿ ಹಝ್ರತ್ ಉಮರ್(ರ)ರ ಪ್ರಸಂಗವೊಂದನ್ನು ನೆನಪಿಸಿದರು. ನಹಾವಂದ್ ಯುದ್ಧದ ಸುದ್ದಿ ತಂದ ದೂತ ಹುತಾತ್ಮರಾದ ಪ್ರಮುಖರ ಹೆಸರು ಹೇಳಿ, ಇನ್ನೂ ಅನೇಕರಿದ್ದಾರೆ, ಅವರು ನಿಮಗೆ ಗೊತ್ತಿಲ್ಲದವರು ಎಂದನಂತೆ. ಉಮರ್(ರ) ಅತ್ತುಬಿಟ್ಟರು. ಉಮರನಿಗೆ ಗೊತ್ತಿಲ್ಲದಿದ್ದರೆ ಅವರಿಗೇನು ನಷ್ಟ, ಅಲ್ಲಾಹನಿಗೆ ಗೊತ್ತಿದೆಯಲ್ಲ ಎಂದರು. 'ನೋಡಿ, ನಾನು ಅಂದು ಹೇಳಿದ್ದೂ ಅದೇ' ಎಂದರು ಮೌಲವಿ. ನಾನೆಂದೆ: ಅದೇ ಉಮರ್(ರ) ತಾನೇ ದೀವಾನ್ ಮಾಡಿಸಿದ್ದು? ಬುಡಕಟ್ಟು ಬುಡಕಟ್ಟಾಗಿ ಯೋಧರ ಹೆಸರು ಬರೆಸಿ, ಯಾರು ಯಾವ ಯುದ್ಧದಲ್ಲಿದ್ದರು ಎಂದು ನೋಡಿ ವೇತನ ಗೊತ್ತು ಮಾಡಿಸಿದ್ದು? ಅಲ್ಲಾಹನಿಗೆ ಗೊತ್ತಿದೆ ಎಂದು ಸುಮ್ಮನೆ ಕೂರಲಿಲ್ಲವಲ್ಲ. ಮತ್ತೆ, ಅವರು ಅತ್ತದ್ದಾದರೂ ಯಾಕೆ? ತನಗೆ ಗೊತ್ತಿಲ್ಲವಲ್ಲ ಎಂದು. ಆ ಮಾತು ಆಳುವವನು ತನ್ನ ಲೋಪಕ್ಕೆ ಅಳುತ್ತ ಆಡಿದ ಮಾತು. ಅದನ್ನೇ ನಾವು ಲೋಪಕ್ಕೆ ಒಳಗಾದವನ ಮುಂದೆ ಒಣಗಣ್ಣಿನಲ್ಲಿ ಆಡಿದರೆ ಅರ್ಥವೇ ಬೇರೆಯಾಗುತ್ತದೆ. ಮೌಲವಿ ಸ್ವಲ್ಪ ಹೊತ್ತು ಸುಮ್ಮನಿದ್ದು, ಅರ್ಜಿಯ ಅಂಚೆ ಖರ್ಚು ಎಷ್ಟಾಯಿತು ಎಂದು ಕೇಳಿದರು.

ಅರ್ಜಿ ಹೋಯಿತು. ಕೆಲವು ತಿಂಗಳ ಮೇಲೆ ದಾಖಲೆ ಕಚೇರಿಯಿಂದ ಉತ್ತರ ಬಂತು: ಹಳೆಯ ಆದೇಶಗಳಲ್ಲಿ ನಮೂದು ಸಿಗುತ್ತಿಲ್ಲ, ಬೇರೆ ಪುರಾವೆಯಿದ್ದರೆ ಕಳಿಸಿ. ಚಾಚಾ ಹಳೆಯ ವಿಳಾಸಗಳಿಗೆಲ್ಲ ಕಾಗದ ಬರೆಸಿದರು. ಒಂದೇ ಒಂದಕ್ಕೆ ಉತ್ತರ ಬಂತು, ಕೇರಳದಿಂದ, ಹಿಂದೆ ಸೈನ್ಯದಲ್ಲಿ ಕಲಿಸುತ್ತಿದ್ದ ಹಾಗೆ ಇಂಗ್ಲಿಷ್ ಅಕ್ಷರದಲ್ಲಿ ಬರೆದ ಹಿಂದಿಯಲ್ಲಿ. ಈತನ ಲಾರಿ ನನ್ನ ಲಾರಿಯ ಹಿಂದೆ ಇತ್ತು ಎಂಬುದು ಅದರ ಸಾರ. ಕೆಳಗೆ ನಡುಗುವ ಸಹಿ.

ಅದನ್ನು ಲಗತ್ತಿಸಿ ಎರಡನೇ ಅರ್ಜಿ ಬರೆಯುವಾಗ ಚಾಚಾ ನನ್ನ ಕೈ ಹಿಡಿದು ನಿಲ್ಲಿಸಿದರು. ತಮ್ಮ ಲಾರಿಯಲ್ಲಿ ಸಹಾಯಕನಾಗಿದ್ದ ಹುಡುಗನ ಹೆಸರನ್ನೂ ಸೇರಿಸು ಎಂದರು. ಅವನೂ ತಮ್ಮೊಂದಿಗೇ ತುಕಡಿ ಬದಲಾಯಿಸಿ ಹೋದವನು, ಅವನ ಪುಸ್ತಕದಲ್ಲೂ ಆ ಸಾಲು ಇರಲಿಕ್ಕಿಲ್ಲ. ಅವನು ತೀರಿಹೋಗಿ ಎಷ್ಟೋ ವರ್ಷವಾಯಿತು. ಮದುವೆಯಾಗಿರಲಿಲ್ಲ. ಬೇರೆಯವರ ಪರವಾಗಿ ಅರ್ಜಿ ಹಾಕಲು ಬರುವುದಿಲ್ಲ ಚಾಚಾ, ವಾರಸುದಾರರೇ ಕೇಳಬೇಕು ಎಂದೆ.

'ಹಾಗಾದರೆ ವಾರಸುದಾರರನ್ನು ಹುಡುಕೋಣ' ಎಂದರು. ಊರಿನ ಹೆಸರು ಅವರಿಗೆ ನೆನಪಿದೆ. ಧಾರವಾಡದ ಕಡೆ ಎಲ್ಲೋ, ಕೆರೆಯ ಪಕ್ಕದಲ್ಲಿ ಹನುಮಂತನ ಗುಡಿ ಇರುವ ಹಳ್ಳಿ. ಮಳೆ ನಿಂತ ಮೇಲೆ ಹೋಗುವುದೆಂದು ಮಾತಾಗಿದೆ.